ಹಳೆಯ ಆಟದ ನಿಜವಾದ ಚಿತ್ರ ಯಾವುದು?



ಈ ಮಾತನ್ನು ಒಂದು ಜಲಪಾತದಿಂದ ಆರಂಭಿಸಬಹುದು. ಅದು ಜೋಗವೂ ಅಲ್ಲ, ಗೋಕಾಕವೂ ಅಲ್ಲ. ಜಪಾನಿನ ಸೆಗಾ ಕಂಪನಿಯು ‘ಮೆಗಾ ಡ್ರೈವ್’ ಎಂಬ ತನ್ನ ಆಟದ ಯಂತ್ರಕ್ಕಾಗಿ 1991ರಲ್ಲಿ ಹೊರತಂದ ‘ಸೋನಿಕ್ ದಿ ಹೆಜ್‌ಹಾಗ್’ ಎಂಬ ವಿಡಿಯೋ ಆಟದ ಮೊದಲ ಘಟ್ಟದಲ್ಲಿ ಅದು ಕಾಣಿಸುತ್ತದೆ. ಹಸಿರು ಗುಡ್ಡ, ತಾಳೆಮರ, ಕಂದು ಬಂಡೆ. ಅವುಗಳ ನಡುವೆ ಇಳಿಯುವ ನೀರು. ಆಗಿನ ಕಾಲದ ಟಿ.ವಿ.ಗೆ, ಆಗಿನ ಕಾಲದ ಸಾಮಾನ್ಯ ತಂತಿಯಿಂದ ಯಂತ್ರವನ್ನು ಜೋಡಿಸಿದವರಿಗೆ ಆ ನೀರು ತೆಳುವಾದ ಸೆರಗಿನಂತೆ ಕಂಡಿತು. ಅದರ ಹಿಂದೆ ಇದ್ದದ್ದು ಮಸುಕಾಗಿ ತೋರುತ್ತಿತ್ತು.

ಅದೇ ಯಂತ್ರ, ಅದೇ ಆಟ. ತಂತಿಯನ್ನು ಮಾತ್ರ ಬದಲಿಸಿ, ಇನ್ನೂ ಉತ್ತಮವಾದ ತಂತಿಯಿಂದ ಇನ್ನೂ ಉತ್ತಮವಾದ ಪರದೆಗೆ ಜೋಡಿಸಿದರೆ ಆ ನೀರು ಮಾಯವಾಗುತ್ತದೆ. ಅದರ ಜಾಗದಲ್ಲಿ ಬಿದಿರಿನ ತಡಿಕೆಯಂಥ ಉದ್ದುದ್ದ ಗೆರೆಗಳು ಕಾಣುತ್ತವೆ. ಒಂದು ನೀರಿನ ಗೆರೆ, ಪಕ್ಕದಲ್ಲಿ ಒಂದು ಖಾಲಿ ಗೆರೆ, ಮತ್ತೆ ಒಂದು ನೀರಿನ ಗೆರೆ. ಯಂತ್ರದ ನೆನಪಿನಲ್ಲಿ ಇರುವುದು ಈ ತಡಿಕೆಯೇ. ಹಾಗಾದರೆ ಲಕ್ಷಾಂತರ ಮಕ್ಕಳು ನೋಡಿದ ಆ ನೀರು ಎಲ್ಲಿತ್ತು? ಯಂತ್ರದೊಳಗೆ ಇರಲಿಲ್ಲ. ತಂತಿಯಲ್ಲಿ ಹರಿಯುವಾಗ, ಟಿ.ವಿ.ಯ ಗಾಜಿನ ಮೇಲೆ ಬೀಳುವಾಗ ಅದು ಹುಟ್ಟುತ್ತಿತ್ತು.

ಇಂದು ಜಗತ್ತಿನ ಹಲವು ಕಡೆ ಇಂಥ ಹಳೆಯ ಯಂತ್ರಗಳನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಹೊಸ ಟಿ.ವಿ.ಗಳಿಗೆ ಜೋಡಿಸುತ್ತಿದ್ದಾರೆ. ಅವುಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಮುದ್ರಿಸಿ ಕಾಪಾಡುತ್ತಿದ್ದಾರೆ. ಹವ್ಯಾಸಿಗಳಿದ್ದಾರೆ, ವಸ್ತುಸಂಗ್ರಹಾಲಯಗಳಿವೆ, ವಿಶ್ವವಿದ್ಯಾಲಯಗಳೂ ಇವೆ. ಯಾವ ತಂತಿ ಹಾಕಬೇಕು ಎನ್ನುವುದು ಮೇಲ್ನೋಟಕ್ಕೆ ರಿಪೇರಿ ಅಂಗಡಿಯ ಪ್ರಶ್ನೆ. ಸ್ವಲ್ಪ ಕೆದಕಿದರೆ ಅದು ಗ್ರಂಥಸಂಪಾದನೆಯ ಪ್ರಶ್ನೆಯಾಗಿ ಬಿಡುತ್ತದೆ. ಹಲವು ಓಲೆಗರಿಗಳಲ್ಲಿ ಹಲವು ಪಾಠಾಂತರಗಳು ಸಿಕ್ಕಾಗ ಸಂಪಾದಕನು ಯಾವುದನ್ನು ಮೂಲಪಾಠವೆಂದು ಹಿಡಿಯಬೇಕು? ಇಲ್ಲಿಯೂ ಅದೇ ತೊಡಕು. ಅದನ್ನು ಬಿಡಿಸಬೇಕಾದರೆ ಹಳೆಯ ಟಿ.ವಿ. ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು.

ಅಮೆರಿಕದಲ್ಲಿ ಬಣ್ಣದ ಟಿ.ವಿ.ಯ ಪದ್ಧತಿಗೆ 1953ರಲ್ಲಿ ಸರ್ಕಾರಿ ಒಪ್ಪಿಗೆ ಸಿಕ್ಕಿತು. ಎನ್.ಟಿ.ಎಸ್.ಸಿ. ಎಂದು ಅದಕ್ಕೆ ಹೆಸರು. ಅಷ್ಟು ಹೊತ್ತಿಗೆ ಮನೆಮನೆಗಳಲ್ಲಿ ಕಪ್ಪು ಬಿಳುಪು ಟಿ.ವಿ.ಗಳು ಬಂದು ಕುಳಿತಿದ್ದವು. ಅವನ್ನು ಎಸೆಯುವಂತಿರಲಿಲ್ಲ. ಆದ್ದರಿಂದ ಎಂಜಿನಿಯರುಗಳು ಒಂದು ಉಪಾಯ ಹೂಡಿದರು. ಚಿತ್ರದ ಬೆಳಕು ನೆರಳಿನ ಸಂಜ್ಞೆಯನ್ನು ಹಾಗೆಯೇ ಇಟ್ಟುಕೊಂಡು, ಅದರೊಳಗೇ ಸೆಕೆಂಡಿಗೆ ಸುಮಾರು 35.8 ಲಕ್ಷ ಸಲ ಏರಿಳಿಯುವ ಇನ್ನೊಂದು ಅಲೆಯನ್ನು ಸೇರಿಸಿ, ಆ ಅಲೆಯ ಮೇಲೆ ಬಣ್ಣವನ್ನು ಹೊರಿಸಿದರು. ಕಪ್ಪು ಬಿಳುಪು ಟಿ.ವಿ. ಬಣ್ಣದ ಭಾಗವನ್ನು ಲೆಕ್ಕಿಸದೆ ತನ್ನ ಕೆಲಸ ಮಾಡಿಕೊಂಡಿತು. ಬಣ್ಣದ ಟಿ.ವಿ. ಎರಡನ್ನೂ ಬೇರ್ಪಡಿಸಿ ತೋರಿಸಿತು.

ಬೇರ್ಪಡಿಸುವುದು ಎಂದರೆ ಹಂಸಕ್ಷೀರ ನ್ಯಾಯ. ಹಾಲು ನೀರು ಬೆರೆತ ಪಾತ್ರೆಯಲ್ಲಿ ಹಂಸವು ಹಾಲನ್ನಷ್ಟೇ ಹೀರುತ್ತದಂತೆ. ಆದರೆ ಸಾಧಾರಣ ಬೆಲೆಯ ಟಿ.ವಿ. ಹಂಸವಲ್ಲ. ಅದು ಕೆಲವೊಮ್ಮೆ ಬೆಳಕಿನ ಸೂಕ್ಷ್ಮ ಏರಿಳಿತವನ್ನೇ ಬಣ್ಣವೆಂದು ತಿಳಿಯುತ್ತದೆ. ಕೆಲವೊಮ್ಮೆ ಬಣ್ಣವನ್ನು ಬೆಳಕೆಂದು ತಿಳಿಯುತ್ತದೆ. ವಾರ್ತೆ ಓದುವವರು ಸಣ್ಣ ಸಣ್ಣ ಚೌಕಳಿಯ ಅಂಗಿ ತೊಟ್ಟಾಗ ಬಟ್ಟೆಯ ಮೇಲೆ ಇಲ್ಲದ ಕಾಮನಬಿಲ್ಲು ಕುಣಿಯುತ್ತಿದ್ದುದು ಈ ಗೊಂದಲದಿಂದಲೇ.

ಈಗ ಜಲಪಾತಕ್ಕೆ ಮರಳೋಣ. ಮೆಗಾ ಡ್ರೈವ್ ಯಂತ್ರ ಒಂದು ಅಡ್ಡಗೆರೆಯಲ್ಲಿ 320 ಚುಕ್ಕೆಗಳನ್ನು ಬಿಡಿಸುತ್ತದೆ. ಅದು ಚುಕ್ಕೆ ಇಡುವ ವೇಗ ಸೆಕೆಂಡಿಗೆ ಸುಮಾರು 67 ಲಕ್ಷ. ಒಂದು ಬಿಟ್ಟು ಒಂದು ಗೆರೆ ಎಳೆದಾಗ ಸೆಕೆಂಡಿಗೆ ಸುಮಾರು 33.5 ಲಕ್ಷ ಏರಿಳಿತಗಳಾಗುತ್ತವೆ. ಇದು ಬಣ್ಣದ ಅಲೆಯ 35.8 ಲಕ್ಷಕ್ಕೆ ಬಹಳ ಹತ್ತಿರ. ಟಿ.ವಿ. ಈ ಗೆರೆಗಳನ್ನು ಬಣ್ಣದ ಅಲೆಯ ನೆರೆಯವೆಂದು ಬಗೆದು ಸೋಸಿ ಹಾಕುತ್ತದೆ. ಗೆರೆಗಳು ಕರಗಿ ಒಂದಕ್ಕೊಂದು ಬೆರೆಯುತ್ತವೆ. ಏಕಕಾಲಕ್ಕೆ ಅರುವತ್ತು ಚಿಲ್ಲರೆ ಬಣ್ಣಗಳನ್ನು ಮಾತ್ರ ತೋರಿಸಬಲ್ಲ, ಅರೆಪಾರದರ್ಶಕ ಬಣ್ಣವೆಂಬುದೇ ಇಲ್ಲದ ಯಂತ್ರ ಹೀಗೆ ಪಾರದರ್ಶಕ ನೀರನ್ನು ಪಡೆಯಿತು. ಜೊತೆಗೆ ಕೆಲವು ಟಿ.ವಿ.ಗಳಲ್ಲಿ ಆ ನೀರಿನ ಮೇಲೆ ಯಾರೂ ಬಯಸದ ಕಾಮನಬಿಲ್ಲಿನ ಪಟ್ಟಿಗಳೂ ಬಂದವು. ಲಾಭ ನಷ್ಟಗಳೆರಡೂ ಒಂದೇ ತಂತಿಯಿಂದ ಬಂದದ್ದು ಎಂಬುದನ್ನು ಮರೆಯಬಾರದು.

ತಂತಿಗಳಲ್ಲಿ ಮೇಲು ಕೀಳಿನ ಒಂದು ಏಣಿ ಇದೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಆಂಟೆನಾದ ತಂತಿ. ಯಂತ್ರವು ಚಿತ್ರವನ್ನೂ ಧ್ವನಿಯನ್ನೂ ಒಂದು ಪುಟ್ಟ ಟಿ.ವಿ. ನಿಲಯದಂತೆ ರೇಡಿಯೋ ಅಲೆಯ ಮೇಲೆ ಹೊರಿಸಿ ಕಳಿಸುತ್ತದೆ. ಅದರ ಮೇಲಿನದು ಕಾಂಪೊಸಿಟ್. ಹಳದಿ ತಲೆಯ ಪಿನ್ನು ಎಂದರೆ ಎಲ್ಲರಿಗೂ ಗೊತ್ತು. ಇಲ್ಲಿ ಧ್ವನಿ ಬೇರೆಯಾಗುತ್ತದೆ, ಆದರೆ ಬೆಳಕೂ ಬಣ್ಣವೂ ಒಂದೇ ತಂತಿಯಲ್ಲಿ ಬೆರೆತಿರುತ್ತವೆ. ಮೂರನೆಯದು ಎಸ್-ವಿಡಿಯೋ. ಇಲ್ಲಿ ಬೆಳಕಿಗೊಂದು ತಂತಿ, ಬಣ್ಣಕ್ಕೊಂದು ತಂತಿ. ನಾಲ್ಕನೆಯದು ಆರ್.ಜಿ.ಬಿ. ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ತಂತಿ, ಗೆರೆ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಮುಗಿಯಿತು ಎಂದು ತಾಳ ಹಾಕುವ ಸಂಜ್ಞೆಗೆ ಇನ್ನೊಂದು. ಏನನ್ನೂ ಬೆರೆಸುವುದಿಲ್ಲ, ಆದ್ದರಿಂದ ಬೇರ್ಪಡಿಸುವ ಪ್ರಸಂಗವೂ ಬರುವುದಿಲ್ಲ.

1988ರ ಮೆಗಾ ಡ್ರೈವ್, 1990ರ ಸೂಪರ್ ಫ್ಯಾಮಿಕಾಂ ಎರಡೂ ಒಳಗೆ ಆರ್.ಜಿ.ಬಿ.ಯಲ್ಲಿಯೇ ಚಿತ್ರ ಬಿಡಿಸುತ್ತಿದ್ದವು. ಹೊರಗಿನ ಜೋಡಣೆಯ ಪಿನ್ನುಗಳವರೆಗೂ ಆ ಶುದ್ಧ ಸಂಜ್ಞೆ ಬಂದು ನಿಲ್ಲುತ್ತಿತ್ತು. ಆದರೆ ಅಮೆರಿಕದ ಮನೆಗಳ ಟಿ.ವಿ.ಗಳಲ್ಲಿ ಅದನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲೇ ಇರಲಿಲ್ಲ. ಎಷ್ಟೋ ವರ್ಷಗಳ ಕಾಲ ಅತ್ಯುತ್ತಮ ಚಿತ್ರವು ಯಂತ್ರದ ಹೊಸ್ತಿಲವರೆಗೆ ಬಂದು, ಕರೆಯುವವರಿಲ್ಲದೆ ಅಲ್ಲಿಯೇ ಉಳಿಯಿತು. ಅಲ್ಲಿನ ಮಕ್ಕಳು ನೋಡಿದ್ದು ಯಂತ್ರದೊಳಗಿನ ಇನ್ನೊಂದು ಚಿಪ್ ಬೆರಸಿಕೊಟ್ಟ ಕಾಂಪೊಸಿಟ್ ಚಿತ್ರವನ್ನೇ.

ಯುರೋಪಿನ ಕಥೆ ಬೇರೆ. ಫ್ರಾನ್ಸಿನ ತಯಾರಕರ ಸಂಘವು ಟಿ.ವಿ.ಗಳಿಗಾಗಿ 21 ಪಿನ್ನುಗಳ ಒಂದು ಅಗಲವಾದ ಜೋಡಣೆಯನ್ನು ರೂಪಿಸಿತು. ಆ ಸಂಘದ ಫ್ರೆಂಚ್ ಹೆಸರಿನ ಮೊದಲಕ್ಷರಗಳೇ ಸೇರಿ ಅದಕ್ಕೆ ‘ಸ್ಕಾರ್ಟ್’ ಎಂಬ ಹೆಸರು ಬಂತು. 1980ರ ದಶಕದ ಆರಂಭದಲ್ಲೇ ಆ ದೇಶದಲ್ಲಿ ಮಾರುವ ಹೊಸ ಟಿ.ವಿ.ಗಳಿಗೆ ಅದು ಕಡ್ಡಾಯವಾಯಿತು. ಆರ್.ಜಿ.ಬಿ. ಸಂಜ್ಞೆಗೆ ಅದರಲ್ಲಿ ಜಾಗವಿತ್ತು. ಹೀಗಾಗಿ ಫ್ರಾನ್ಸಿನ ಒಂದು ಮನೆಯಲ್ಲಿ ಮೆಗಾ ಡ್ರೈವ್ ಆಡಿದ ಹುಡುಗ ತಡಿಕೆಯನ್ನು ನೋಡಿರಬಹುದು, ಅಮೆರಿಕದ ಹುಡುಗ ನೀರನ್ನು ನೋಡಿರಬಹುದು. ಇಬ್ಬರೂ ಒಂದೇ ಆಟವನ್ನು ಆಡಿದವರು, ಇಬ್ಬರ ನೆನಪೂ ನಿಜ.

ಜಪಾನಿನಲ್ಲಿಯೂ 21 ಪಿನ್ನುಗಳ ಜೋಡಣೆಯೊಂದು ಬಳಕೆಯಲ್ಲಿತ್ತು. ಆಕಾರದಲ್ಲಿ ಅದು ಯುರೋಪಿನದರ ಅವಳಿ, ಆದರೆ ಒಳಗಿನ ತಂತಿಗಳ ಕ್ರಮ ಬೇರೆ. ಹೊರಗಿನ ರೂಪ ನೋಡಿ ಒಂದನ್ನು ಇನ್ನೊಂದಕ್ಕೆ ಚುಚ್ಚಿದರೆ ಯಂತ್ರವೋ ಟಿ.ವಿ.ಯೋ ಕೆಡಬಹುದು. ಇಂದು ಜಪಾನಿನ ಹಳೆಯ ತಂತಿಗಳನ್ನು ತರಿಸಿಕೊಳ್ಳುವವರು ಮೊದಲು ಕಲಿಯುವ ಪಾಠ ಇದು.

ಈ ಎರಡು ಯಂತ್ರಗಳಲ್ಲಿ ಶುದ್ಧವಾದ ಮೂಲಚಿತ್ರವೆಂಬುದು ಒಳಗೆ ಎಲ್ಲೋ ಒಂದು ಕಡೆ ಇತ್ತು. ಆದರೆ ಅವಕ್ಕಿಂತ ಮೊದಲು ಬಂದ, ಅವಕ್ಕಿಂತ ಪ್ರಸಿದ್ಧವಾದ ಇನ್ನೊಂದು ಯಂತ್ರದಲ್ಲಿ ಅದೂ ಇರಲಿಲ್ಲ. ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಜಪಾನಿನಲ್ಲಿ 1983ರ ಜುಲೈ 15ರಂದು ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದ ಎಂಜಿನಿಯರ್ ಮಸಾಯುಕಿ ಉಎಮುರಾ. ಬೆಲೆ ಇಳಿಸಬೇಕಾಗಿತ್ತು, ಬಿಡಿಭಾಗಗಳನ್ನು ಕಡಿಮೆ ಮಾಡಬೇಕಾಗಿತ್ತು. ರಿಕೋ ಕಂಪನಿ ತಯಾರಿಸಿಕೊಟ್ಟ ಅದರ ಚಿತ್ರದ ಚಿಪ್ ಕೆಂಪು, ಹಸಿರು, ನೀಲಿ ಎಂದು ಯೋಚಿಸುವುದೇ ಇಲ್ಲ. ಅದು ನೇರವಾಗಿ ಬೆರಕೆಯ ಕಾಂಪೊಸಿಟ್ ಸಂಜ್ಞೆಯನ್ನೇ ಹುಟ್ಟಿಸುತ್ತದೆ. ಮೊದಲ ಫ್ಯಾಮಿಕಾಂಗೆ ಆಂಟೆನಾದ ತಂತಿ ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ.

ಹೀಗಿರುವಾಗ 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಆಕಾಶದ ನಿಜವಾದ ನೀಲಿ ಯಾವುದು? ಯಂತ್ರ ಹೇಳುವುದು ಇಷ್ಟೇ: ಇಷ್ಟು ಬೆಳಕು, ಬಣ್ಣದ ಅಲೆಯಲ್ಲಿ ಇಷ್ಟು ಓರೆ. ಅದನ್ನು ಬಣ್ಣವಾಗಿ ಓದುವುದು ಟಿ.ವಿ.ಯ ಪಾಲು. ಒಂದು ಟಿ.ವಿ.ಯಲ್ಲಿ ಆಕಾಶ ತಿಳಿನೀಲಿ, ಇನ್ನೊಂದರಲ್ಲಿ ನೇರಳೆಯತ್ತ ವಾಲಿದ ನೀಲಿ. ಮನೆಯ ಹಿರಿಯರು ಬಣ್ಣದ ಗುಬುಟನ್ನು ತಿರುಗಿಸಿದಂತೆಲ್ಲ ಆಕಾಶ ಬದಲಾಗುತ್ತಿತ್ತು. ಇಂದು ಈ ಯಂತ್ರದಿಂದ ಆರ್.ಜಿ.ಬಿ. ಪಡೆಯಬೇಕಾದರೆ ಎರಡು ದಾರಿಗಳಿವೆ. ನಿಂಟೆಂಡೊದ ಹಳೆಯ ಅಂಗಡಿ ಯಂತ್ರಗಳಲ್ಲಿದ್ದ ಆರ್.ಜಿ.ಬಿ. ಚಿಪ್ಪನ್ನು ಕಿತ್ತು ಇದಕ್ಕೆ ಬೆಸುಗೆ ಹಾಕಬೇಕು. ಇಲ್ಲವೇ ಚಿಪ್ಪಿನ ಸುತ್ತಲಿನ ಅಂಕೀಯ ಸಂಜ್ಞೆಗಳನ್ನು ಕದ್ದು ಕೇಳಿ, ಹೊಸದಾಗಿ ಬಣ್ಣ ಹಚ್ಚುವ ಪುಟ್ಟ ಫಲಕವನ್ನು ಕೂರಿಸಬೇಕು. ಎರಡೂ ಸಂದರ್ಭದಲ್ಲಿ ಬಣ್ಣಗಳ ಪಟ್ಟಿಯನ್ನು ಯಾರೋ ಒಬ್ಬರು ಆಯ್ದಿರುತ್ತಾರೆ. ಚಿತ್ರ ಗಾಜಿನಷ್ಟು ಸ್ವಚ್ಛವಾಗಿರುತ್ತದೆ. ಆದರೆ ಅದು ಮೂಲವಲ್ಲ, ಒಳ್ಳೆಯ ಅನುವಾದ. ಫ್ರಾನ್ಸಿನಲ್ಲಿ ಮಾರಿದ ನಿಂಟೆಂಡೊ ಯಂತ್ರದಲ್ಲಿ ಕಂಪನಿಯೇ ಇಂಥದ್ದೊಂದು ಕೆಲಸ ಮಾಡಿತ್ತು. ಬೆರಕೆಯ ಸಂಜ್ಞೆಯನ್ನು ಒಳಗೇ ಬೇರ್ಪಡಿಸಿ ಆರ್.ಜಿ.ಬಿ. ಎಂದು ಹೊರಗೆ ಕೊಡುತ್ತಿತ್ತು. ತಂತಿ ಉತ್ತಮವಾದದ್ದು, ಒಳಗಿನ ಚಿತ್ರ ಮಾತ್ರ ಮೊದಲೇ ಕಲಸಿದ್ದು.

ಭಾರತದ ಬಹುಪಾಲು ಮಕ್ಕಳಿಗೆ ಈ ಯಂತ್ರ ಪರಿಚಯವಾದದ್ದು ನಿಂಟೆಂಡೊ ಹೆಸರಿನಿಂದಲ್ಲ. 1990ರ ದಶಕದಲ್ಲಿ ಬೆಂಗಳೂರು, ಹುಬ್ಬಳ್ಳಿಗಳ ಅಂಗಡಿಗಳಿಗೂ ಬಂದ ಫ್ಯಾಮಿಕಾಂ ನಕಲು ಯಂತ್ರಗಳನ್ನು ಜನ ‘ಟಿ.ವಿ. ಗೇಮ್’ ಎಂದರು, ಆಟದ ಪೆಟ್ಟಿಗೆಯನ್ನು ‘ಕ್ಯಾಸೆಟ್’ ಎಂದರು. ಟಿ.ವಿ.ಯ ಹಿಂದೆ ಆಂಟೆನಾ ಬಿಚ್ಚಿ ಅಲ್ಲಿ ಇದರ ತಂತಿ ಚುಚ್ಚಿ, ಚಾನೆಲ್ಲಿನ ಗುಬುಟು ತಿರುಗಿಸುತ್ತ ಮಂಜಿನ ನಡುವೆ ಮಾರಿಯೋ ಮೂಡುವವರೆಗೆ ಹುಡುಕಿದ ನೆನಪು ಇಲ್ಲಿ ಕುಳಿತವರಲ್ಲಿ ಕೆಲವರಿಗಾದರೂ ಇರಬಹುದು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಭಾರತದಲ್ಲಿ ಬಣ್ಣದ ಪ್ರಸಾರ 1982ರಲ್ಲಿ ಆರಂಭವಾದಾಗ ಆಯ್ದುಕೊಂಡದ್ದು ಪಾಲ್ ಪದ್ಧತಿಯನ್ನು. ಅದರಲ್ಲಿ ಪರದೆಯ ಮೇಲೆ ಕಿರಣ ಸೆಕೆಂಡಿಗೆ 50 ಬಾರಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಜಪಾನ್, ಅಮೆರಿಕಗಳಲ್ಲಿ ಸುಮಾರು 60 ಬಾರಿ. ಆ ಕಾಲದ ಆಟಗಳು ಕಾಲ ಅಳೆಯುತ್ತಿದ್ದುದು ಗಡಿಯಾರದಿಂದಲ್ಲ, ಕಿರಣದ ಈ ಇಳಿತದಿಂದ. ಹೀಗಾಗಿ ಪಾಲ್ ಪದ್ಧತಿಗೆ ಹೊಂದಿಸಿದ ನಕಲು ಯಂತ್ರಗಳಲ್ಲಿ ಆಟ ಸುಮಾರು ಆರನೆಯ ಒಂದು ಪಾಲಿನಷ್ಟು ನಿಧಾನವಾಗುತ್ತಿತ್ತು. ಸಂಗೀತದ ಶ್ರುತಿ ಸಾಮಾನ್ಯವಾಗಿ ಹೆಚ್ಚುಕಡಿಮೆ ಅದೇ, ಕಾಲಪ್ರಮಾಣ ಮಾತ್ರ ವಿಳಂಬ. ಹಾಗೆ ಆಡಿ ಬೆಳೆದ ಹುಡುಗನೊಬ್ಬ ಇಂದು ಜಪಾನಿನ ಯಂತ್ರದ ಚಿತ್ರಮುದ್ರಣವನ್ನು ನೋಡಿದರೆ ‘ಇದೇಕೆ ಇಷ್ಟು ಅವಸರ’ ಎನ್ನಿಸಬಹುದು. ಅವನ ನೆನಪಿನ ಆಟವನ್ನು ಕಾಪಾಡಬೇಕಾದರೆ ಜಪಾನಿನ ಯಂತ್ರದ ಶುದ್ಧ ಚಿತ್ರ ಸಾಲದು. ಇಲ್ಲಿನ ನಕಲು ಯಂತ್ರವನ್ನು, ಅದರ 50ರ ಲಯದಲ್ಲಿಯೇ, ಮುದ್ರಿಸಿಕೊಳ್ಳಬೇಕಾಗುತ್ತದೆ.

ಇನ್ನು ಹೊಸ ಟಿ.ವಿ.ಗಳ ಸಮಸ್ಯೆ. ಹಳೆಯ ಪ್ರಸಾರದ ಚಿತ್ರ ಎರಡು ಕಂತುಗಳಲ್ಲಿ ಬರುತ್ತಿತ್ತು. ಮೊದಲು ಬೆಸ ಗೆರೆಗಳು, ಆಮೇಲೆ ಅವುಗಳ ನಡುವಿನ ಸಮ ಗೆರೆಗಳು. ಆಟದ ಯಂತ್ರಗಳು ಇದರಲ್ಲಿ ಒಂದು ಚಿಕ್ಕ ತಂತ್ರ ಮಾಡಿದವು. ಎರಡನೆಯ ಕಂತನ್ನು ಅರ್ಧ ಗೆರೆಯಷ್ಟು ಕೆಳಗೆ ಸರಿಸದೆ, ಮೊದಲಿನ ಗೆರೆಗಳ ಮೇಲೆಯೇ ಮತ್ತೆ ಎಳೆದವು. ಗೆರೆಗಳ ಸಂಖ್ಯೆ ಸುಮಾರು 240ಕ್ಕೆ ಇಳಿಯಿತು, ಅದಕ್ಕೆ ಬದಲಾಗಿ ಚಿತ್ರ ಅಲುಗದೆ ನಿಂತಿತು, ಚಲನೆ ನುಣುಪಾಯಿತು. ಗೆರೆಗಳ ನಡುವೆ ಉಳಿದ ಕಪ್ಪು ಸಂದುಗಳೇ ಹಳೆಯ ಆಟಗಳಿಗೆ ಆ ನೇಯ್ಗೆಯಂಥ ನೋಟವನ್ನು ಕೊಟ್ಟವು. ಪಿಕ್ಚರ್ ಟ್ಯೂಬಿಗೆ ಇದೆಲ್ಲ ತಿಳಿಯಬೇಕಾಗಿರಲಿಲ್ಲ. ತಾಳ ಬಿದ್ದಾಗ ಕಿರಣ ತಿರುಗುತ್ತಿತ್ತು, ಅಷ್ಟೆ.

ಇಂದಿನ ಚಪ್ಪಟೆ ಟಿ.ವಿ. ಹಾಗಲ್ಲ. ಅದು ಇಡೀ ಚಿತ್ರವನ್ನು ತನ್ನ ನೆನಪಿಗೆ ತೆಗೆದುಕೊಂಡು, ಲೆಕ್ಕ ಹಾಕಿ, ಹಿಗ್ಗಿಸಿ ತೋರಿಸುತ್ತದೆ. ಹಲವು ಟಿ.ವಿ.ಗಳು 240 ಗೆರೆಗಳ ಚಿತ್ರವನ್ನು ಪ್ರಸಾರದ ಅರ್ಧಚಿತ್ರವೆಂದು ತಪ್ಪು ತಿಳಿದು, ಹಿಂದಿನದನ್ನೂ ಮುಂದಿನದನ್ನೂ ಹೆಣೆಯುತ್ತವೆ. ಓಡುವ ಬೊಂಬೆಯ ಅಂಚು ಬಾಚಣಿಗೆಯ ಹಲ್ಲಿನಂತಾಗುತ್ತದೆ. ಈ ಲೆಕ್ಕಾಚಾರಕ್ಕೆ ಹೊತ್ತು ಹಿಡಿಯುವುದರಿಂದ ಗುಂಡಿ ಒತ್ತಿದ್ದಕ್ಕೂ ಬೊಂಬೆ ಹಾರಿದ್ದಕ್ಕೂ ನಡುವೆ ಅಂತರ ಬೀಳುತ್ತದೆ. ನಿಂಟೆಂಡೊದ ಬಾತುಕೋಳಿ ಬೇಟೆಯ ಆಟ ‘ಡಕ್ ಹಂಟ್’ 1984ರದು. ಅದರ ಪಿಸ್ತೂಲು ಗುಂಡು ಹಾರಿಸುವುದಿಲ್ಲ, ನೋಡುತ್ತದೆ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಆ ಬೆಳಕು ಸರಿಯಾದ ಹೊತ್ತಿಗೆ ಪಿಸ್ತೂಲಿನ ಕಣ್ಣಿಗೆ ಬಿದ್ದರೆ ಗುರಿ ಮುಟ್ಟಿತೆಂದು ಅರ್ಥ. ಹೊಸ ಟಿ.ವಿ.ಯ ಮುಂದೆ ಎಷ್ಟು ನಿಖರವಾಗಿ ಗುರಿಯಿಟ್ಟರೂ ಬಾತುಕೋಳಿ ಬೀಳುವುದಿಲ್ಲ. ಆ ಆಟದ ಒಂದು ಅಂಗವೇ ಆಗಿದ್ದ ಪಿಕ್ಚರ್ ಟ್ಯೂಬು ಅಲ್ಲಿಲ್ಲ.

ಈ ಕಾರಣದಿಂದ ಹಳೆಯ ಯಂತ್ರಕ್ಕೂ ಹೊಸ ಟಿ.ವಿ.ಗೂ ನಡುವೆ ದುಭಾಷಿಯೊಂದು ಬೇಕಾಯಿತು. ಜಪಾನಿನ ಮೈಕಾಂಸಾಫ್ಟ್ ಕಂಪನಿ ‘ಎಕ್ಸ್.ಆರ್.ಜಿ.ಬಿ.’ ಎಂಬ ಸಾಲಿನ ಪೆಟ್ಟಿಗೆಗಳನ್ನು ತಯಾರಿಸಿತು. ಅವುಗಳಲ್ಲಿ 2011ರ ‘ಫ್ರೇಮ್‌ಮೈಸ್ಟರ್’ ಹೆಸರುವಾಸಿ. ಅನಂತರ ಫಿನ್ಲೆಂಡಿನ ಎಂಜಿನಿಯರೊಬ್ಬರು ಎಲ್ಲರಿಗೂ ತೆರೆದಿಟ್ಟ ವಿನ್ಯಾಸದಲ್ಲಿ ‘ಒ.ಎಸ್.ಎಸ್.ಸಿ.’ಯನ್ನು ರೂಪಿಸಿದರು. ಇಡೀ ಚಿತ್ರ ಕೈಗೆ ಬರುವವರೆಗೆ ಅದು ಕಾಯುವುದಿಲ್ಲ. ಒಂದು ಗೆರೆ ಬಂದ ಕೂಡಲೇ ಅದನ್ನು ಎರಡಾಗಿಯೋ, ಮೂರಾಗಿಯೋ, ಐದಾಗಿಯೋ ಎಳೆದು ಮುಂದಕ್ಕೆ ದಾಟಿಸುತ್ತದೆ. ಆದ್ದರಿಂದ ಪೆಟ್ಟಿಗೆಯಿಂದಾಗುವ ವಿಳಂಬ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅಮೆರಿಕದಲ್ಲಿ ಬಂದ ‘ರೆಟ್ರೋಟಿಂಕ್’ ಸಾಲಿನ ಪೆಟ್ಟಿಗೆಗಳು, ಅದರಲ್ಲೂ 2021ರ ಮತ್ತು 2023ರ ಮಾದರಿಗಳು, ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಹಳೆಯ ಟ್ಯೂಬಿನ ಗೆರೆಗಳನ್ನು, ಗಾಜಿನ ಹಿಂದಿನ ಬಣ್ಣದ ಕಣಗಳ ಜಾಲರಿಯನ್ನು ಕೂಡ ಅವು ಹೊಸ ಪರದೆಯ ಮೇಲೆ ಅನುಕರಿಸುತ್ತವೆ. ಸ್ವಚ್ಛ ಚಿತ್ರಕ್ಕಾಗಿ ಇಷ್ಟೆಲ್ಲ ಪಾಡು ಪಟ್ಟ ಮೇಲೆ, ಕಳೆದುಹೋದ ಅಸ್ವಚ್ಛತೆಯನ್ನು ಮತ್ತೆ ಲೆಕ್ಕ ಹಾಕಿ ತರುವ ಕೆಲಸ ಇದು.

ಚಿತ್ರವನ್ನು ಮುದ್ರಿಸಿಕೊಳ್ಳುವಾಗ ಬರುವ ತಪ್ಪುಗಳು ಇನ್ನೂ ಕುತೂಹಲಕಾರಿ. ಫ್ಯಾಮಿಕಾಂ ಒಂದು ಅಡ್ಡಗೆರೆಯ ಮೇಲೆ 8 ಚಲಿಸುವ ತುಣುಕುಗಳನ್ನು ಮಾತ್ರ ತೋರಿಸಬಲ್ಲದು. ಒಂಬತ್ತನೆಯದು ಬಂದರೆ ಕಾಣುವುದಿಲ್ಲ. ಆದ್ದರಿಂದ ಆಟ ಬರೆದವರು ಸರದಿ ಹಚ್ಚಿದರು. ಈ ಚಿತ್ರದಲ್ಲಿ ಕೆಲವು ತುಣುಕು, ಮುಂದಿನದರಲ್ಲಿ ಉಳಿದವು. ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ಕಣ್ಣಿಗೆ ಎಲ್ಲವೂ ಮಿನುಗುತ್ತ ಕಾಣುತ್ತವೆ. ಈಗ ಇದನ್ನು ಸೆಕೆಂಡಿಗೆ 30 ಚಿತ್ರಗಳಂತೆ ಮುದ್ರಿಸಿದರೆ ಏನಾಗುತ್ತದೆ? ಒಂದು ಬಿಟ್ಟು ಒಂದು ಚಿತ್ರ ಬಿದ್ದುಹೋಗುತ್ತದೆ. ಒಂದು ಬಿಟ್ಟು ಒಂದು ಚಿತ್ರದಲ್ಲಿ ಮಾತ್ರ ಇರುವ ಶತ್ರು ಮುದ್ರಣದಲ್ಲಿ ಸಂಪೂರ್ಣ ಮಾಯವಾಗುತ್ತಾನೆ, ಅಥವಾ ಮಿನುಗದೆ ಗಟ್ಟಿಯಾಗಿ ನಿಂತುಬಿಡುತ್ತಾನೆ. ನೋಡಿದವರಿಗೆ ನಾಯಕನು ಯಾವುದೋ ಕಾಣದ ಶಕ್ತಿಗೆ ಬಲಿಯಾದಂತೆ ತೋರುತ್ತದೆ. ಇದು ಮಸುಕು ಚಿತ್ರವಲ್ಲ, ಸುಳ್ಳು ಸಾಕ್ಷ್ಯ.

ಅಳತೆಗಳಲ್ಲಿಯೂ ಸುಳ್ಳು ನುಸುಳಬಹುದು. ಫ್ಯಾಮಿಕಾಂ ಸೆಕೆಂಡಿಗೆ ಕಳಿಸುವುದು ಸರಿಸುಮಾರು 60.1 ಚಿತ್ರ. ಟಿ.ವಿ. ಪ್ರಸಾರದ ಅಳತೆ 59.94. ಪ್ರಸಾರದ ಅಳತೆಯನ್ನು ಮಾತ್ರ ಬಲ್ಲ ಮುದ್ರಣ ಯಂತ್ರ ಆರೇಳು ಸೆಕೆಂಡಿಗೊಮ್ಮೆ ಒಂದು ಚಿತ್ರವನ್ನು ನುಂಗಿಹಾಕುತ್ತದೆ. ಇನ್ನೊಂದು, ಆಕಾರ. ಈ ಯಂತ್ರದ 256 ಚುಕ್ಕೆಗಳ ಸಾಲು ಹಳೆಯ ಟಿ.ವಿ.ಯಲ್ಲಿ ಹಿಗ್ಗಿ ಪರದೆಯನ್ನು ತುಂಬುತ್ತಿತ್ತು. ಅಲ್ಲಿ ಪ್ರತಿಯೊಂದು ಚುಕ್ಕೆಯೂ ಎತ್ತರಕ್ಕಿಂತ ಅಗಲ. ಕಂಪ್ಯೂಟರಿನ ಚೌಕ ಚುಕ್ಕೆಗಳಲ್ಲಿ ಹಾಗೆಯೇ ಇಟ್ಟರೆ ಎಲ್ಲರೂ ಕೃಶರಾಗುತ್ತಾರೆ, ಹೊಸ ಅಗಲ ಪರದೆಗೆ ಎಳೆದರೆ ಎಲ್ಲರಿಗೂ ಬೊಜ್ಜು ಬರುತ್ತದೆ. ಮೂರನೆಯದು, ಬಣ್ಣ. ಸಾಮಾನ್ಯ ವಿಡಿಯೋ ಕಡತಗಳು ಜಾಗ ಉಳಿಸಲು ನಾಲ್ಕು ಚುಕ್ಕೆಗಳಿಗೆ ಸೇರಿಸಿ ಒಂದೇ ಬಣ್ಣವನ್ನು ಬರೆದಿಡುತ್ತವೆ. ಅಷ್ಟು ಕಷ್ಟಪಟ್ಟು ಆರ್.ಜಿ.ಬಿ. ತಂತಿಯಿಂದ ತಂದ ಬಣ್ಣ ಇಲ್ಲಿ ಮತ್ತೆ ಕಲಸಿಹೋಗುತ್ತದೆ. ಬಲ್ಲವರು ಚಿತ್ರವನ್ನು ಮೊದಲು ಪೂರ್ಣ ಸಂಖ್ಯೆಯಲ್ಲಿ ಹಿಗ್ಗಿಸಿ ಆಮೇಲೆ ಕಡತ ಮಾಡುತ್ತಾರೆ, ಇಲ್ಲವೇ ಏನನ್ನೂ ಬಿಟ್ಟುಕೊಡದ, ದಾಖಲೆಗಾರಗಳು ಬಳಸುವ ‘ಎಫ್.ಎಫ್.ವಿ.1’ನಂಥ ವಿಧಾನದಲ್ಲಿ ಇಡುತ್ತಾರೆ. ಧ್ವನಿಗೂ ಗಮನ ಬೇಕು. ಮೊದಲ ಮಾದರಿಯ ಮೆಗಾ ಡ್ರೈವ್‌ನಲ್ಲಿ ಹಿಂಬದಿಯ ವಿಡಿಯೋ ಜೋಡಣೆಯಿಂದ ಬರುವುದು ಒಂದೇ ಕಿವಿಯ ಧ್ವನಿ. ಸ್ಟೀರಿಯೋ ಬೇಕಾದವರು ಮುಂಬದಿಯ ಹೆಡ್‌ಫೋನ್ ತೂತಿನಿಂದಲೇ ತಂತಿ ಎಳೆಯಬೇಕು.

ಇಷ್ಟೆಲ್ಲ ತೊಂದರೆ ಏಕೆ, ಆಟದ ಆದೇಶಗಳನ್ನು ನಕಲು ಮಾಡಿಕೊಂಡು ಕಂಪ್ಯೂಟರಿನಲ್ಲಿಯೇ ಆಡಬಹುದಲ್ಲ, ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರುಗಳು ಇಲ್ಲದಿದ್ದರೆ ಎಷ್ಟೋ ಆಟಗಳು ಇಂದು ಯಾರ ಕೈಗೂ ಸಿಗುತ್ತಿರಲಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಮತ್ತು ಸಾಫ್ಟ್‌ವೇರ್ ಪ್ರಿಸರ್ವೇಶನ್ ನೆಟ್‌ವರ್ಕ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ನೂರಕ್ಕೆ 87 ಭಾಗ ಮಾರುಕಟ್ಟೆಯಲ್ಲಿ ಕೊಳ್ಳಲು ದೊರೆಯುವುದಿಲ್ಲ. ಆದರೆ ಅನುಕರಣೆ ಸರಿಯಾಗಿದೆಯೇ ಎಂದು ತಾಳೆ ನೋಡುವುದು ಯಾವುದರ ಜೊತೆಗೆ? ಮೂಲ ಯಂತ್ರದ ಜೊತೆಗೇ. ಇಂದು ಒಳ್ಳೆಯ ಎಮ್ಯುಲೇಟರುಗಳಲ್ಲಿ ಕಾಂಪೊಸಿಟ್ ತಂತಿಯ ಬೆರಕೆಯನ್ನೂ ಗಣಿತದಿಂದ ಮರಳಿ ತರುವ ವ್ಯವಸ್ಥೆಯಿದೆ. ಆ ಗಣಿತಕ್ಕೂ ಒರೆಗಲ್ಲು ಹಳೆಯ ಸಂಜ್ಞೆಯೇ.

ಒರೆಗಲ್ಲು ಮಾತ್ರ ಸವೆಯುತ್ತಿದೆ. ಸೋನಿ ಕಂಪನಿ 1968ರಲ್ಲಿ ಆರಂಭಿಸಿದ ತನ್ನ ಪ್ರಸಿದ್ಧ ಟ್ರಿನಿಟ್ರಾನ್ ಟ್ಯೂಬುಗಳ ತಯಾರಿಕೆಯನ್ನು 2008ರಲ್ಲಿ ನಿಲ್ಲಿಸಿತು. ಉಳಿದವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೆಟ್ಟ ಟ್ಯೂಬಿಗೆ ಹೊಸ ಟ್ಯೂಬು ಹಾಕುವ ಕಾಲ ಮುಗಿದಿದೆ. ಯಂತ್ರಗಳೊಳಗಿನ ಕೆಪಾಸಿಟರುಗಳಿಂದ ದ್ರವ ಸೋರಿ ತಾಮ್ರದ ದಾರಿಗಳನ್ನು ತಿನ್ನುತ್ತದೆ. ಸೆಗಾದ ಕೈಯಾಟದ ಯಂತ್ರ ‘ಗೇಮ್ ಗಿಯರ್’ನಲ್ಲಂತೂ ಈ ರೋಗ ಸರ್ವೇಸಾಮಾನ್ಯ. ಯಂತ್ರವನ್ನು ಮಾಡಿದ ಮನುಷ್ಯರೂ ಹೋಗುತ್ತಿದ್ದಾರೆ. ಫ್ಯಾಮಿಕಾಂನ ಉಎಮುರಾ ನಿಂಟೆಂಡೊದಿಂದ ನಿವೃತ್ತರಾದ ಮೇಲೆ ಕ್ಯೋಟೋದ ರಿತ್ಸುಮೆಯ್ಕಾನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 2011ರಲ್ಲಿ ಅಲ್ಲಿ ಆರಂಭವಾದ ಆಟಗಳ ಅಧ್ಯಯನ ಕೇಂದ್ರಕ್ಕೆ ಮೊದಲ ನಿರ್ದೇಶಕರಾದರು. 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ತಾನು ಮಾಡಿದ ಆಟಿಕೆ ವಿಶ್ವವಿದ್ಯಾಲಯದ ಕಪಾಟಿನಲ್ಲಿ ದಾಖಲೆಯಾಗಿ ನಿಂತದ್ದನ್ನು ಕಂಡ ಎಂಜಿನಿಯರುಗಳು ಹೆಚ್ಚು ಮಂದಿ ಇರಲಾರರು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ತಡಿಕೆಯೋ, ನೀರೋ? ಗ್ರಂಥಸಂಪಾದಕರು ಕಂಡುಕೊಂಡ ಉತ್ತರವೇ ಇಲ್ಲಿಯೂ ನೆರವಾಗುತ್ತದೆ. ಒಳ್ಳೆಯ ಸಂಪಾದಕ ತನಗೆ ಒಪ್ಪಿಗೆಯಾದ ಪಾಠವನ್ನು ಮೇಲೆ ಅಚ್ಚು ಹಾಕಿಸುತ್ತಾನೆ, ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ಯಾವ ಪ್ರತಿ ಎಲ್ಲಿ ಸಿಕ್ಕಿತು, ಎಷ್ಟು ಗರಿ ಮುರಿದಿವೆ ಎಂದು ಮುನ್ನುಡಿಯಲ್ಲಿ ಹೇಳುತ್ತಾನೆ. ಏನನ್ನೂ ಬಚ್ಚಿಡುವುದಿಲ್ಲ. ಹಾಗೆಯೇ ಯಂತ್ರದ ಚಿತ್ರವನ್ನು ಸಾಧ್ಯವಾದಷ್ಟು ಶುದ್ಧವಾದ ತಂತಿಯಿಂದ, ಅದರದೇ ಲಯದಲ್ಲಿ, ನಷ್ಟವಿಲ್ಲದೆ ಒಮ್ಮೆ ಮುದ್ರಿಸಬೇಕು. ಜನ ನೋಡಿದ ತಂತಿಯಿಂದ ಇನ್ನೊಮ್ಮೆ ಮುದ್ರಿಸಬೇಕು. ಟ್ಯೂಬು ಬೆಳಗುತ್ತಿರುವಾಗಲೇ ಅದರ ಗಾಜಿನ ಮುಂದೆ ಕ್ಯಾಮೆರಾ ಇಟ್ಟು ಮೂರನೆಯ ಬಾರಿ ತೆಗೆದರೆ ಇನ್ನೂ ಒಳ್ಳೆಯದು. ಯಾವ ಯಂತ್ರ, ಯಾವ ದೇಶದ ಮಾದರಿ, ಯಾವ ತಂತಿ, ನಡುವೆ ಯಾವ ಪೆಟ್ಟಿಗೆ ಎಂಬುದನ್ನು ಪಕ್ಕದಲ್ಲಿ ಬರೆದಿಡಬೇಕು. ಶುದ್ಧ ಮೂಲದಿಂದ ಮುಂದೆ ಯಾರಾದರೂ ಬೆರಕೆಯನ್ನು ಲೆಕ್ಕ ಹಾಕಿ ಪಡೆದಾರು. ಬೆರಕೆಯಿಂದ ಮೂಲವನ್ನು ಪಡೆಯುವ ಹಂಸ ಮಾತ್ರ ಎಲ್ಲೂ ಸಿಕ್ಕುವುದಿಲ್ಲ. ಆದರೆ ಆ ಲೆಕ್ಕ ಸರಿಯೇ ಎಂದು ನೋಡಲು ಬೆರಕೆಯ ಪ್ರತಿಯೂ ಒಂದು ಇರಲೇಬೇಕು.

ಕೊನೆಗೆ, ಮನೆಯ ಅಟ್ಟದ ಮೇಲೆ ಹಳೆಯ ಟಿ.ವಿ. ಗೇಮ್ ಇರುವವರಿಗೆ ಎರಡು ಮಾತು. ಅದು ನಕಲು ಯಂತ್ರವೆಂದು ಗುಜರಿಗೆ ಹಾಕಬೇಡಿ. 50ರ ಲಯದಲ್ಲಿ ಈ ನೆಲದ ಮಕ್ಕಳು ಆಡಿದ ಆಟಕ್ಕೆ ಅದೇ ಸಾಕ್ಷಿ. ಹಾಗೆಂದು ಸಿಕ್ಕ ಅಡಾಪ್ಟರನ್ನು ಚುಚ್ಚಿ ಅವಸರದಿಂದ ಸ್ವಿಚ್ ಹಾಕಲೂ ಬೇಡಿ. ಎರಡು ಯಂತ್ರಗಳ ಅಡಾಪ್ಟರುಗಳ ತುದಿ ಒಂದೇ ಆಕಾರವಿದ್ದರೂ ಒಳಗಿನ ವಿದ್ಯುತ್ತು ಬೇರೆ ಇರಬಹುದು. ವಿದೇಶದಿಂದ ತಂದ 110 ವೋಲ್ಟಿನ ಅಡಾಪ್ಟರು ಇಲ್ಲಿನ 230 ವೋಲ್ಟಿಗೆ ಸುಟ್ಟೇ ಹೋಗುತ್ತದೆ. ಬಲ್ಲ ರಿಪೇರಿಯವರಿಗೆ ಒಮ್ಮೆ ತೋರಿಸಿ. ಹಳೆಯ ಡಬ್ಬಿ ಟಿ.ವಿ.ಯೂ ಜೊತೆಗೆ ಉಳಿದಿದ್ದರೆ ಅದನ್ನೂ ಕೊಡಬೇಡಿ. ಆಟದ ಅರ್ಧ ಭಾಗ ಇರುವುದು ಅದರಲ್ಲಿಯೇ.